ನಮ್ಮ ಓಣಿಯ ಏಕೈಕ ಕಳ್ಳತನ

ಮೊಮ್ಮಗಳು ಧಾರವಾಡದ ಕಾಲೇಜೊಂದರಲ್ಲಿ ಅಪರಾಧಶಾಸ್ತ್ರ ಓದುತ್ತಿದ್ದಾಳೆ. ಒಂದು ಓಣಿಯ ಮನೆಮನೆಗೆ ಹೋಗಿ, ಕಳೆದ ವರ್ಷ ಏನಾದರೂ ಕಳುವಾಯಿತೇ, ಪೊಲೀಸರಿಗೆ ತಿಳಿಸಿದಿರೇ ಎಂದು ಕೇಳಿ ಬರೆದುಕೊಂಡು ಬರುವ ಕೆಲಸವನ್ನು ಅವಳಿಗೆ ಕೊಟ್ಟಿದ್ದರು. ಠಾಣೆಯ ಲೆಕ್ಕಕ್ಕೆ ಬಾರದ ಕಳ್ಳತನ ಎಷ್ಟಿರುತ್ತದೆ ಎಂದು ತಿಳಿಯಲು ಈ ಏರ್ಪಾಡಂತೆ. ಅವಳು ಆರಿಸಿಕೊಂಡದ್ದು ನಮ್ಮ ಓಣಿ. ಸೋಮವಾರ ಒಪ್ಪಿಸದಿದ್ದರೆ ಆ ವಿಷಯದಲ್ಲಿ ನಪಾಸು.

ನಾನು ಶಾಲೆಯಲ್ಲಿ ಮುಖ್ಯಾಧ್ಯಾಪಕಿಯಾಗಿದ್ದವಳು. ಯಾವ ಕೆಲಸವೇ ಆಗಲಿ, ಶಿಸ್ತಿನಿಂದ ಆಗಬೇಕು. ಜೊತೆಗೆ ಹೊರಟೆ.

ಮೊದಲ ಮನೆ ಹತ್ತಿ ವ್ಯಾಪಾರಿಯದು.

"ಕಳ್ಳತನಾ? ನಮ್ಮ ಓಣ್ಯಾಗ? ಛೇ ಛೇ! ಕೂಡ್ರಿ ಅಕ್ಕೋರ, ಚಹಾ ತಗೋರಿ."

ಹೋದ ತಿಂಗಳು ಗುಡಿಯ ಮುಂದೆ ಇವರ ಹೊಸ ಚಪ್ಪಲಿ ಮಾಯವಾಗಿ, ಬರಿಗಾಲಲ್ಲಿ ಕುಂಟುತ್ತ ಬಂದದ್ದನ್ನು ಎಲ್ಲರೂ ನೋಡಿದ್ದೆವು. ನೆನಪಿಸಿದೆ.

"ಅದು ಕಳವ ಹ್ಯಾಂಗ ಆಗತೈತ್ರಿ? ಗುಡಿ ಮುಂದ ಚಪ್ಪಲಿ ಹೋದ್ರ ಪೀಡಾ ಹೋದಂಗ. ಅವತ್ತಿಂದ ನನ್ನ ಮೊಣಕಾಲ ಬ್ಯಾನಿನೂ ಕಡಿಮಿ ಆಗೇತಿ."

ಎದುರು ಮನೆಯಾಕೆಯ ಗೇಟಿಗೆ ತೂಗುಹಾಕಿದ ಚೀಲದಿಂದ ಹಾಲಿನ ಪಾಕೀಟು ಆಗಾಗ ಕಾಣೆಯಾಗುತ್ತಿತ್ತು.

"ದನ ಒಯ್ದಿರಬೇಕ್ರಿ" ಎಂದಳು.

"ಚೀಲದ ಗಂಟ ಬಿಚ್ಚಿ ಒಯ್ದೈತೇನವಾ?"

"ಶ್ಯಾಣ್ಯಾ ದನ ಇರಬೇಕ್ರಿ, ಅಕ್ಕೋರ."

ಮೂಲೆಮನೆಯ ಅಜ್ಜನ ದಾಸವಾಳವಂತೂ ಮುಂಜಾನೆ ಕೆಲಗೇರಿ ಕೆರೆಯ ಕಡೆ ವಾಕಿಂಗಿಗೆ ಹೋಗುವವರ ಪಾಲು. ಹೂ ಕೀಳಲೆಂದೇ ಅವರು ಕೊಕ್ಕೆಕೋಲು ಹಿಡಿದು ಬರುತ್ತಾರೆ. "ದೇವರ ಪೂಜಾಕ್ಕ ಒಯ್ದದ್ದನ್ನ ಕಳವ ಅಂತ ಬರಸಿದ್ರ ನನಗ ಪಾಪ ಸುತ್ಕೋತೈತಿ" ಎಂದು ಅಜ್ಜ ಕೈಮುಗಿದರು.

ಸಂಜೆಗೆ ಮೊಮ್ಮಗಳ ಹೊಟ್ಟೆಯ ತುಂಬ ಚಹಾ, ಚುರುಮುರಿ. ಕೈಯಲ್ಲಿ ಖಾಲಿ ಹಾಳೆ. ಅಳುವುದೊಂದು ಬಾಕಿ.

"ಇಷ್ಟ ಸಂಭಾವಿತ ಓಣಿ ಭೂಮಿ ಮ್ಯಾಲೆ ಇರೂದ ಇಲ್ಲ ಅಂತಾರ ನಮ್ಮ ಸರ್. ನೀನ ಮನ್ಯಾಗ ಕುಂತ ಬರದಿ ಅನ್ನತಾರ. ಫೇಲ್ ಆದೆ, ಅಜ್ಜಿ!"

ತರಗತಿಯಲ್ಲಿ 'ಗದ್ದಲ ಮಾಡಿದವರು ಯಾರು' ಎಂದರೆ ಒಂದು ಕೈಯೂ ಮೇಲೇಳುವುದಿಲ್ಲ. 'ನಿನ್ನ ಪೆನ್ಸಿಲ್ ಎಲ್ಲಿ' ಎಂದು ಕೇಳಿದರೆ ಇಡೀ ಜಗಳ ತಾನೇ ಹೊರಬೀಳುತ್ತದೆ.

"ಕಳವು ಅನ್ನೂ ಮಾತ ತಗೀಬ್ಯಾಡ" ಎಂದೆ. "ನೀವಾಗೇ ಯಾರಿಗೂ ಕೊಡಲಾರದ ನಿಮ್ಮ ಕೈಬಿಟ್ಟು ಏನೇನ ಹೋತು ಅಂತ ಕೇಳು."

ಮರುದಿನ ಹಾಗೆಯೇ ಕೇಳಿದಳು. ಚಪ್ಪಲಿ, ಹಾಲು, ದಾಸವಾಳ, ಸೈಕಲ್ಲಿನ ಸೀಟು, ಒಣಹಾಕಿದ ಧೋತರ, ಅಂಗಳದ ನಳದ ತೋಟಿ! ಹಾಳೆ ಸಾಲಲಿಲ್ಲ. ಪೊಲೀಸರಿಗೆ ಹೇಳಿದಿರೇ ಎಂದರೆ ಮಾತ್ರ ಎಲ್ಲರದೂ ಒಂದೇ ಉತ್ತರ: "ಮನಿ ಮುಂದ ಪೊಲೀಸ್ರು ಬಂದ ನಿಂತ್ರ ಮಂದಿ ಏನ ಅಂತಾರ್ರಿ?"

ಕೊನೆಗೆ ಉಳಿದದ್ದು ನಮ್ಮ ಮನೆ.

"ಈ ಮನ್ಯಾಗ ಸೂಜಿನೂ ತನ್ನ ಜಾಗಾ ಬಿಟ್ಟ ಕದಲೂದಿಲ್ಲ. ಏನಿಲ್ಲ ಅಂತ ಬರಕೋ" ಎಂದೆ.

"ನೋಡಲಾರದ ಬರೀಬಾರದು, ಅಜ್ಜಿ" ಎಂದು ಎಲ್ಲ ಕೋಣೆಗಳನ್ನೂ ನೋಡಿ ಹಿತ್ತಲಿಗೆ ಹೋದಳು. ಅಲ್ಲಿಂದ ದನಿ ಬಂತು: "ಬಚ್ಚಲದ ತಾಮ್ರದ ಹಂಡೆ ಎಲ್ಲೈತಿ?"

ಗೀಸರ್ ಹಾಕಿಸಿದ ಮೇಲೆ ಹಿತ್ತಲಿನ ಹಳೆಯ ಬಚ್ಚಲಿಗೆ ನಾನು ಕಾಲಿಟ್ಟಿರಲಿಲ್ಲ. ಹೋಗಿ ನೋಡಿದರೆ ಒಲೆಯ ಮೇಲೆ ದುಂಡನೆಯ ಖಾಲಿ ಜಾಗ.

ನೇರ ಠಾಣೆಗೆ ನಡೆದೆ. ಹವಾಲ್ದಾರರು ಎದ್ದು ನಿಂತು ಕುರ್ಚಿ ಕೊಟ್ಟರು.

"ಯಾವಾಗ ಹೋತ್ರಿ ಅಕ್ಕೋರ?"

"ಗೊತ್ತಿಲ್ಲ."

"ಈ ತಿಂಗಳೋ, ಹೋದ ತಿಂಗಳೋ?"

"ಅದೂ ಗೊತ್ತಿಲ್ಲ."

"ಮಳಿಗಾಲಕ್ಕಿಂತ ಮೊದಲ ಅಂತಾದ್ರೂ ಹೇಳ್ರಿ."

ಯಾವ ಮಳೆಗಾಲ ಎಂದು ನಾನೇ ಅವರನ್ನು ಕೇಳಬೇಕಾಯಿತು. ಅವರು ನಗು ನುಂಗಿಕೊಂಡು ದೂರು ಬರೆದುಕೊಂಡರು.

ಮೊಮ್ಮಗಳು ಕುಣಿದಾಡಿದಳು. ಅವಳ ಹಾಳೆಯಲ್ಲಿ 'ಪೊಲೀಸರಿಗೆ ತಿಳಿಸಲಾಗಿದೆ' ಎಂಬುದರ ಕೆಳಗೆ ಬಿದ್ದ ಏಕೈಕ ಗುರುತು ನನ್ನದು. ಸೋಮವಾರ ಒಪ್ಪಿಸಿದಳು, ಪಾಸೂ ಆದಳು.

ನಾನು ಠಾಣೆಗೆ ಹೋಗಿಬಂದ ಸುದ್ದಿ ಆ ಸಂಜೆಯೇ ಓಣಿಯೆಲ್ಲ ಹಬ್ಬಿತ್ತು. ಎದುರು ಮನೆಯಾಕೆ ಸಮಾಧಾನ ಹೇಳಲು ಬಂದು, ನನ್ನ ಕೈ ಹಿಡಿದು, ಮನೆಯನ್ನೊಮ್ಮೆ ಸುತ್ತ ನೋಡಿದಳು.

"ಇಷ್ಟ ವರ್ಷದಾಗ ಇಡೀ ಓಣ್ಯಾಗ ಒಂದ ಕಳವ ಆತು, ಅದೂ ನಿಮ್ಮ ಮನ್ಯಾಗ! ಸ್ವಲ್ಪ ಜ್ವಾಕಿ ಇರಬೇಕ್ರಿ ಅಕ್ಕೋರ. ನಮ್ಮನ್ನ ನೋಡ್ರಿ, ದೇವರ ದಯಾದಿಂದ ಇನ್ನೂತನಾ ಏನೂ ಆಗಿಲ್ಲ."