ಆರ್ಡೆಲ್ ಹೇಳದೆ ಉಳಿಸಿಕೊಂಡ ಮಾತು

ಆರ್ಡೆಲ್ ಲಿಬರ್ಡ್ ನರ್ಸ್ ಅಲ್ಲ ಎನ್ನುವುದನ್ನು ಲೀಡ್ಸಿನ ನಮ್ಮ ಚಾಪೆಲ್‌ಟೌನ್ ಕೇರಿಯ ಜನ ಕೊನೆಯವರೆಗೂ ಪೂರ್ತಿಯಾಗಿ ಒಪ್ಪಲಿಲ್ಲ. ಟಿವಿಯಲ್ಲಿ ಕಂಡಾಗಲೆಲ್ಲ ಅವಳ ತಲೆ ಮೇಲೆ ಬಿಳಿ ಟೋಪಿ. ಯಾರದೋ ನಾಡಿ ಹಿಡಿದು, "ಡಾಕ್ಟರು ಈಗ ಬರ್ತಾರೆ" ಎಂದು ಹೇಳಿ ಮರೆಯಾಗುತ್ತಿದ್ದಳು. ಲೀಡ್ಸ್ ಮಾರುಕಟ್ಟೆಯಲ್ಲಿ ಗೆಣಸು ಆರಿಸುತ್ತ ನಿಂತರೆ ಸಾಕು, ಯಾರಾದರೂ ಒಬ್ಬ ಮುದುಕಿ ಬಂದು ಕಾಲುಚೀಲ ಕೆಳಗಿಳಿಸಿ ಊದಿದ ಕಾಲು ತೋರಿಸುವುದು ಮಾಮೂಲಾಗಿತ್ತು.

"ನೋಡೇ ಆರ್ಡೆಲ್, ಒತ್ತಿದ್ರೆ ಗುಳಿ ಬೀಳುತ್ತೆ."

"ಆಂಟಿ, ನಾನು ನಾಟಕದವಳು."

"ಗೊತ್ತು ಬಿಡೇ. ಆದ್ರೂ ಒಂಚೂರು ನೋಡು."

ಆರ್ಡೆಲ್ ಬಗ್ಗಿ ನೋಡುತ್ತಿದ್ದಳು, ಉಪ್ಪು ಕಡಿಮೆ ಮಾಡಿ ಎನ್ನುತ್ತಿದ್ದಳು. ಆಮೇಲೆ ಗೆಣಸಿನ ಚೀಲ ಹಿಡಿದು ಮನೆಗೆ ಹೋಗಿ, ಒಬ್ಬಳಿಗೆ ಬೇಕಾದಷ್ಟು ಬೇಯಿಸಿಕೊಂಡು, ರೇಡಿಯೊ ಹಚ್ಚಿ ಉಣ್ಣುತ್ತಿದ್ದಳು. ರೇಡಿಯೊ ಕೇಳಬೇಕೆಂದು ಹಚ್ಚುತ್ತಿದ್ದಳು ಎಂದೇನಲ್ಲ. ಮನೆಯಲ್ಲಿ ಇನ್ನೊಂದು ದನಿ ಇರಲಿ ಎಂದು, ಅಷ್ಟೆ.

ನರ್ಸು, ಬಸ್ಸಿನ ಕಂಡಕ್ಟರು, ಕೋರ್ಟಿನ ಹೊರಗೆ ಅಳುವ ತಾಯಿ: ಅವಳಿಗೆ ಸಿಕ್ಕಿದ್ದು ಇಂಥವೇ. ಆ ತಾಯಂದಿರಿಗೆ ಹೆಸರಿಡುವ ಗೋಜಿಗೂ ಬರೆದವರು ಹೋಗುತ್ತಿರಲಿಲ್ಲ. ರೋಸಿಹೋಗಿ ಅವಳೇ ಒಂದು ನಾಟಕ ಬರೆದಳು. ವಿಷಯ ಹುಡುಕಿಕೊಂಡು ದೂರ ಹೋಗಲಿಲ್ಲ, ತನ್ನ ಬದುಕನ್ನೇ ಎತ್ತಿಕೊಂಡಳು.

ಅವಳಿನ್ನೂ ಅಂಬೆಗಾಲಿಡುತ್ತಿದ್ದಾಗಲೇ ತಾಯಿ ಯುಜೀನಾ ಅವಳನ್ನು ಸಮುದ್ರದಾಚೆಯ ನಮ್ಮ ನೀವಿಸ್ ದ್ವೀಪದಲ್ಲಿ ಅಜ್ಜಿಯ ಮಡಿಲಿಗೆ ಹಾಕಿ ಹಡಗು ಹತ್ತಿದ್ದಳು. ಆ ಕಾಲದಲ್ಲಿ ನಮ್ಮವರಲ್ಲಿ ಯಾರು ತಾನೇ ಹಾಗೆ ಮಾಡಲಿಲ್ಲ? ಲೀಡ್ಸಿನಲ್ಲಿ ಗಂಡಸರ ಪ್ಯಾಂಟು ಹೊಲಿಯುವ ಕಾರ್ಖಾನೆ ಸೇರಿ, ಮಗಳಿಗೆ ಫ್ರಾಕಿನ ಬಟ್ಟೆ ಕಳಿಸುತ್ತಿದ್ದಳು. ಆರ್ಡೆಲ್‌ಗೆ ತಾಯಿ ಎಂದರೆ ಆ ಬಟ್ಟೆಯ ವಾಸನೆ. ಉಳಿದದ್ದೆಲ್ಲ ಅಜ್ಜಿ. ಅಜ್ಜಿ ಎಡಗಾಲನ್ನು ಹೊರಕ್ಕೆ ಬೀಸಿ ಬೀಸಿ ನಡೆಯುತ್ತಿದ್ದಳು. ಆ ಸದ್ದಿಗೇ ಅಂಗಳದ ಕೋಳಿಗಳು ಕಾಳು ಬಂತೆಂದು ಓಡಿ ಬರುತ್ತಿದ್ದವು.

ಹನ್ನೊಂದನೆಯ ವಯಸ್ಸಿಗೆ ತಾಯಿ ಅವಳನ್ನೂ ಕರೆಸಿಕೊಂಡಳು. ಲೀಡ್ಸ್ ಸ್ಟೇಷನ್ನಿನ ಚಳಿಯಲ್ಲಿ ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದಾಗ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಕಂದು ಟೋಪಿಯ ಹೆಂಗಸೊಬ್ಬಳು ಬಂದಳು. ಹತ್ತಿರ ಬಂದು ನಿಂತು, ಮುಟ್ಟಲೋ ಬೇಡವೋ ಎಂದು ಕೈಯನ್ನು ಅರ್ಧಕ್ಕೇ ತಡೆದು ಕೇಳಿದಳು.

"ನಾನು ಯಾರು ಅಂತ ಗೊತ್ತಾಯ್ತಾ, ಮಗಳೇ?"

ಗೊತ್ತಾಗಿತ್ತು. ಮುಖ ಕಾಣುವ ಮುಂಚೆಯೇ ಗೊತ್ತಾಗಿತ್ತು. ಅದಕ್ಕೇ ಸಿಟ್ಟು ನೆತ್ತಿಗೇರಿತ್ತು. ಇಷ್ಟು ವರ್ಷ ಇವಳು ಇಲ್ಲೇ ಆರಾಮಾಗಿ ಓಡಾಡಿಕೊಂಡಿದ್ದಳಲ್ಲ! ಹುಡುಗಿ ತುಟಿ ಬಿಗಿದು ನಿಂತಳು. ಯುಜೀನಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಪೆಟ್ಟಿಗೆ ಎತ್ತಿಕೊಂಡು, "ಬಾ, ಬಸ್ಸು ಹೋಗುತ್ತೆ" ಎಂದಳು.

ಆ ವಿಷಯ ಮತ್ತೆ ಅವರಿಬ್ಬರ ನಡುವೆ ಬರಲಿಲ್ಲ. ಶನಿವಾರ ಆಡಿನ ಮಾಂಸದ ಸಾರು, ಭಾನುವಾರ ಚರ್ಚು. ಜಗಳ ಕೂಡ ಆಗುತ್ತಿರಲಿಲ್ಲ. ಒಂದೇ ಮನೆಯ ಇಬ್ಬರು ಸಭ್ಯ ಬಾಡಿಗೆದಾರರ ಹಾಗೆ ತಾಯಿ ಮಗಳು ಬಾಳಿದರು. ಕಾರ್ಖಾನೆಯ ಹೆಂಗಸರು ಯುಜೀನಾಳ ನಡಿಗೆ ನೋಡಿ "ಬಾತುಕೋಳಿ ಬಂತು" ಎಂದು ಆಡಿಕೊಂಡರೆ ಅವಳು ಅದನ್ನು ಮನೆಗೆ ಬಂದು ನಗುತ್ತಾ ಹೇಳುತ್ತಿದ್ದಳು. ಮಗಳು ನಗುತ್ತಿರಲಿಲ್ಲ.

ನಾಟಕ ಆ ಪ್ಲಾಟ್‌ಫಾರ್ಮಿನಲ್ಲೇ ಮುಗಿಯುತ್ತಿತ್ತು. ತಾಯಿ ಕೇಳುತ್ತಾಳೆ, ಮಗಳು ಉತ್ತರ ಕೊಡುತ್ತಾಳೆ. ನಿಜದಲ್ಲಿ ಬಾರದ ಉತ್ತರ ಅಲ್ಲಾದರೂ ಬರಲಿ ಎಂದೇ ಅವಳು ಬರೆದದ್ದು. ಮಗಳ ಪಾತ್ರ ತನ್ನದೇ ಆದ್ದರಿಂದ ಆ ಮಾತನ್ನು ಯಾರಿಗೂ ತೋರಿಸಲಿಲ್ಲ, ಕಾಗದದ ಮೇಲೂ ಇಳಿಸಲಿಲ್ಲ. ಹೊಸ ನಾಟಕದ ಕೊನೆಯ ಮಾತನ್ನು ಮೊದಲ ಪ್ರದರ್ಶನಕ್ಕೆ ಮುಂಚೆ ಬಾಯಿಬಿಟ್ಟು ಆಡಬಾರದು, ಆಡಿದರೆ ಕೆಡುಕು ಎಂದು ಇಲ್ಲಿನ ನಾಟಕದವರು ನಂಬುತ್ತಾರೆ. ತಾಲೀಮಿನಲ್ಲಿ ಅದರ ಹಿಂದಿನ ಮಾತಿಗೇ ನಿಲ್ಲಿಸಿಬಿಡುತ್ತಾರೆ. ಆರ್ಡೆಲ್ ಚರ್ಚು ತಪ್ಪಿಸಿದರೂ ಇದನ್ನು ತಪ್ಪಿಸುವವಳಲ್ಲ.

ಆ ಚಳಿಗಾಲದಲ್ಲಿ ಯುಜೀನಾ ಆಸ್ಪತ್ರೆ ಸೇರಿದಳು. ಮೊದಲ ಪ್ರದರ್ಶನಕ್ಕೆಂದು ಕೊಂಡ ಹೊಸ ಟೋಪಿ, ಡಬ್ಬಿಯ ಸಮೇತ, ಮಂಚದ ಪಕ್ಕದ ಬೀರುವಿನಲ್ಲಿತ್ತು.

"ಕೊನೇಲಿ ಆ ಹುಡುಗಿ ಏನಾದ್ರೂ ಹೇಳ್ತಾಳಾ?" ಎಂದು ಒಂದು ಮಧ್ಯಾಹ್ನ ಕೇಳಿದಳು.

"ಬಂದು ನೋಡಮ್ಮ. ಈಗ್ಲೇ ಬಾಯಿ ಬಿಟ್ರೆ ನಾಟಕ ನೆಗೆದುಬೀಳುತ್ತೆ."

"ಏನ್ ಹೇಳ್ತಾಳೆ ಅಂತ ಬೇಡ. ಹೇಳ್ತಾಳೋ ಇಲ್ವೋ, ಅಷ್ಟು ಹೇಳು."

"ಟಿಕೆಟ್ ತಗೊಂಡು ಬಾ, ಗೊತ್ತಾಗುತ್ತೆ."

ಯುಜೀನಾ ಕೆಮ್ಮುತ್ತಲೇ ನಕ್ಕಳು. "ಲಿಬರ್ಡ್ ಮನೆಯವರು ಬಿಟ್ಟಿ ಏನೂ ಕೊಡಲ್ಲ ಅನ್ನೋದು ಸುಳ್ಳಲ್ಲ ನೋಡು."

ಪ್ರದರ್ಶನಕ್ಕೆ ವಾರವಿದ್ದಾಗ ಅವಳು ತೀರಿಕೊಂಡಳು.

ಮೊದಲ ದಿನ ರಂಗದ ಮೇಲೆ ತಾಯಿಯ ಪಾತ್ರದವಳು ಪ್ರಶ್ನೆ ಕೇಳಿದಾಗ ಆರ್ಡೆಲ್ ಬಾಯಿ ತೆರೆದಳು. ಆ ಮಾತು ಹೊರಡಲಿಲ್ಲ. ಕೇಳಬೇಕಾದವಳೇ ಇಲ್ಲದ ಮೇಲೆ ಯಾರಿಗೆ ಹೇಳುವುದು? ದೀಪದವನು ಕಾದ, ಇನ್ನೂ ಕಾದ, ಕೊನೆಗೆ ದಿಕ್ಕು ತೋಚದೆ ದೀಪ ಆರಿಸಿದ. ಕತ್ತಲಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮಾತಿಗಿಂತ ದೊಡ್ಡ ಮೌನ ಎಂದು ಪತ್ರಿಕೆಗಳು ಬರೆದವು. "ಇದನ್ನೇ ಇಟ್ಕೊಳ್ಳೋಣ" ಎಂದು ನಿರ್ದೇಶಕ ತಬ್ಬಿಕೊಂಡ. ಅವಳೂ ಹೂಂ ಎಂದಳು. ಲೀಡ್ಸು, ಬರ್ಮಿಂಗ್‌ಹ್ಯಾಮು, ಲಂಡನ್ನು, ಹೋದಲ್ಲೆಲ್ಲ ಅವಳು ಬಾಯಿ ಮುಚ್ಚಿಕೊಂಡು ನಿಂತಳು, ಜನ ಕಣ್ಣೊರೆಸಿಕೊಂಡರು. ಕಾಲೇಜುಗಳಲ್ಲಿ ಓದಿದವರು ಆ ಮೌನಕ್ಕೆ ಏನೇನೋ ಅರ್ಥ ಹಚ್ಚಿದರು. ಆರ್ಡೆಲ್ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತೇ ತಣ್ಣಗಾದ ರೊಟ್ಟಿ ತಿನ್ನುತ್ತಿದ್ದಳು.

ಕ್ಲೈಡ್ ಎಂಬ ಬಸ್ ಡ್ರೈವರ್ ಒಬ್ಬ ಮದುವೆಯಾಗೋಣ ಎಂದಿದ್ದ. ಪ್ರವಾಸ ಮುಗಿಯಲಿ ಎಂದಳು. ಅದು ಮುಗಿದ ಮೇಲೆ ಇನ್ನೊಂದು ಪ್ರವಾಸ. ಕಾದು ಕಾದು ಅವನು ಬೇರೆಯವಳನ್ನು ಕಟ್ಟಿಕೊಂಡ. ಅವನ ಮೇಲೆ ನನಗಂತೂ ಕೋಪವಿಲ್ಲ. ಕಾಯಿಸುವುದು ಆರ್ಡೆಲ್‌ಗೆ ಚಾಳಿಯಾಗಿಬಿಟ್ಟಿತ್ತು.

ಎಪ್ಪತ್ತು ದಾಟಿದ ಮೇಲೆ ಊರಿನ ರಂಗಮಂದಿರದವರು ಆ ನಾಟಕವನ್ನು ಮತ್ತೆ ಆಡಿಸಲು ಬಂದರು. ಈ ಸಲ ತಾಯಿಯ ಪಾತ್ರ ಅವಳದು. ಮಗಳಾಗಿ ರೊಶೆಲ್ ಎಂಬ ಹುಡುಗಿ, ಚಾಪೆಲ್‌ಟೌನಿನಲ್ಲೇ ಹುಟ್ಟಿ ಬೆಳೆದವಳು, ಚುರುಕು ನಾಲಿಗೆಯವಳು. ತಾಲೀಮಿಗೆ ಆರ್ಡೆಲ್ ಅಮ್ಮನ ಟೋಪಿಯನ್ನೇ ತಂದಳು, ಡಬ್ಬಿಯಿಂದ ಅದುವರೆಗೂ ಹೊರಬರದ ಟೋಪಿಯನ್ನು. ಹಾಕಿಕೊಂಡು, ರಂಗದ ಆ ತುದಿಯಿಂದ ನಡೆದುಬಂದು ಕೇಳಿದಳು.

"ನಾನು ಯಾರು ಅಂತ ಗೊತ್ತಾಯ್ತಾ, ಮಗಳೇ?"

ರೊಶೆಲ್ ಸುಮ್ಮನೆ ನಿಂತಳು. ಕಣ್ಣು ತುಂಬಿಕೊಂಡು, ತುಟಿ ಬಿಗಿದು, ಒಂದು ಕೂದಲೆಳೆಯಷ್ಟೂ ತಪ್ಪಿಲ್ಲದೆ. ಆರ್ಡೆಲ್ ಕಾದಳು. ಈ ಬದಿಯಲ್ಲಿ ಅವಳು ಎಂದೂ ನಿಂತಿರಲಿಲ್ಲ. ಊರೆಲ್ಲ ಹೊಗಳಿದ ಮೌನ ಇಲ್ಲಿಂದ ಮೌನದ ಹಾಗೆ ಕೇಳಲೇ ಇಲ್ಲ. ಎದುರಿಗೆ ಮಗುವೊಂದು ನಿಂತಿದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಿಲ್ಲ, ಅಷ್ಟೆ. ಅಮ್ಮ ಇದನ್ನು ಹೊತ್ತುಕೊಂಡು ಬಸ್ಸು ಹತ್ತಿದಳು, ಇದನ್ನು ಹೊತ್ತುಕೊಂಡೇ ಪ್ಯಾಂಟು ಹೊಲಿದಳು, ಸಾಯುವ ಮುಂಚೆ ಹೇಳ್ತಾಳೋ ಇಲ್ವೋ ಎಂದು ಕೇಳಿದಳು. ಆರ್ಡೆಲ್ ಅಲ್ಲೇ ಇದ್ದ ಬೆಂಚಿನ ಮೇಲೆ ಕೂತಳು.

"ಅದ್ಭುತ!" ಎಂದ ಕೆಳಗಿನಿಂದ ಹೊಸ ನಿರ್ದೇಶಕ.

"ಅದ್ಭುತ ನಿನ್ನ ತಲೆ! ಸುಮ್ನಿರಪ್ಪ." ರೊಶೆಲ್‌ಳನ್ನು ಹತ್ತಿರ ಕರೆದು ಕಿವಿಯಲ್ಲಿ ಆ ಮಾತು ಹೇಳಿದಳು.

ರೊಶೆಲ್ ಹುಬ್ಬೇರಿಸಿದಳು. "ಇಷ್ಟೇನಾ, ಮಿಸ್ ಆರ್ಡೆಲ್?"

"ಇಷ್ಟೇ."

"ಸರಿ, ಮೊದಲ್ನೇ ಶೋಗೆ ಹೇಳ್ತೀನಿ ಬಿಡಿ."

"ಈಗ ಹೇಳು."

"ಅಯ್ಯೋ, ಕೆಡುಕು ಅಂತ ನೀವೇ ಹೇಳಿದ್ರಲ್ಲ! ಜನ ಇಲ್ಲ, ಏನಿಲ್ಲ, ಬರೀ ಖಾಲಿ ಕುರ್ಚಿ..."

"ಆಗೋ ಕೆಡುಕೆಲ್ಲ ಯಾವಾಗ್ಲೋ ಆಗಿಹೋಗಿದೆ. ಈಗ್ಲೇ ಹೇಳು, ಪುಟ್ಟಿ."

ಆರ್ಡೆಲ್ ಮತ್ತೆ ಆ ತುದಿಗೆ ಹೋಗಿ ಟೋಪಿ ಸರಿಮಾಡಿಕೊಂಡು ನಡೆದುಬಂದಳು. ವಯಸ್ಸಾದ ಸೊಂಟ, ಎಡಗಾಲು ತಾನಾಗಿಯೇ ಹೊರಕ್ಕೆ ಬೀಸುತ್ತಿತ್ತು. ಮಗಳ ಮುಂದೆ ನಿಂತು, ಕೈಯನ್ನು ಅರ್ಧಕ್ಕೇ ತಡೆದು ಕೇಳಿದಳು.

"ನಾನು ಯಾರು ಅಂತ ಗೊತ್ತಾಯ್ತಾ, ಮಗಳೇ?"

"ಗೊತ್ತು," ಎಂದಳು ರೊಶೆಲ್. "ನೀನು ಅಜ್ಜಿ ಥರಾನೇ ನಡೀತೀಯ."

ಇದಕ್ಕೆ ತಾಯಿ ಏನನ್ನಬೇಕೆಂದು ಆರ್ಡೆಲ್ ಬರೆದಿರಲಿಲ್ಲ. ಆಮೇಲೆ ಬಗ್ಗಿ ರೊಶೆಲ್‌ಳ ಕಾಲ ಬಳಿಯಿದ್ದ ರಟ್ಟಿನ ಪೆಟ್ಟಿಗೆ ಎತ್ತಿಕೊಂಡಳು.

"ಬಾ," ಎಂದಳು, "ಬಸ್ಸು ಹೋಗುತ್ತೆ."