ಹೆಯಾಮಾಸಿ ಮತ್ತು ಅಕ್ಕನ ಹಡಗು

ಪ್ರವಾಸಿ ಹಡಗು ಬರುವ ದಿನ ನಮ್ಮ ದ್ವೀಪದೂರು ನೆಯಾಫುವಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ. ಅದು ಧಕ್ಕೆಗೆ ಬಂದು ನಿಲ್ಲುತ್ತದೋ, ಕೊಲ್ಲಿಯ ನಡುವೆ ಲಂಗರು ಹಾಕಿ ದೋಣಿಗಳಲ್ಲಿ ಜನರನ್ನು ಕಳಿಸುತ್ತದೋ? ಧಕ್ಕೆಗೆ ಬಂದರೆ ಜನ ವ್ಯಾನು ಹತ್ತಿ ಸೀದಾ ಬೀಚಿಗೆ ಓಡುತ್ತಾರೆ. ದೋಣಿಯಲ್ಲಿ ಬಂದರೆ ಸಣ್ಣ ಜೆಟ್ಟಿಯಲ್ಲಿ ಇಳಿದು ನಮ್ಮ ಮಾರುಕಟ್ಟೆಯ ಬಾಯಿಗೇ ಬೀಳುತ್ತಾರೆ. ಅಲ್ಲಿ ಬುಟ್ಟಿ, ಚಿಪ್ಪಿನ ಸರ ಮಾರುವ ನನ್ನಂಥವಳಿಗೆ ಯಾವುದು ಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಇದನ್ನು ತಿಳಿಯಲು ನಾವು ಬಂದರು ಕಚೇರಿಗೆ ಹೋಗುತ್ತಿರಲಿಲ್ಲ, ಹೆಯಾಮಾಸಿಯ ಕಾಲು ನೋಡುತ್ತಿದ್ದೆವು. ಹಡಗಿನಿಂದ ಎಸೆಯುವ ಹಗ್ಗ ಹಿಡಿದು ಧಕ್ಕೆಯ ಕಬ್ಬಿಣದ ಗೂಟಕ್ಕೆ ಹಾಕುವ ಗುಂಪಿಗೆ ಅವನೇ ಹಿರಿಯ. ಬೆಳಿಗ್ಗೆ ಬೂಟು ಹಾಕಿಕೊಂಡು ಹೊರಟರೆ ಹಡಗು ಧಕ್ಕೆಗೆ. ಚಪ್ಪಲಿ ಮೆಟ್ಟಿದ್ದರೆ ದೋಣಿ.

"ಏನಪ್ಪಾ, ಇವತ್ತು ಚಪ್ಪಲೀನಾ?" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದೆ.

"ನಿನ್ನ ಪ್ರಾರ್ಥನೆ ಜೋರಾಗೈತೆ ಕಣೆ ಲೆಸಿಯೆಲಿ. ದೇವರಿಗೂ ನಿದ್ದೆ ಮಾಡೋಕೆ ಬಿಡಲ್ಲ ನೀನು" ಎನ್ನುತ್ತಿದ್ದ.

ದೊಡ್ಡ ಮೈ, ಮೆತ್ತನೆ ಮಾತು. ಚರ್ಚಿನಲ್ಲಿ ಅವನು ಕೆಳದನಿಯಲ್ಲಿ ಹಾಡಿದರೆ ನಾವು ಕೂತ ಬೆಂಚು ನಡುಗುತ್ತಿತ್ತು. ಹೆಂಡತಿ ಬೇಗ ತೀರಿಕೊಂಡಳು. ಮಗಳು ಕಲೊಲೈನೆಯನ್ನು ಒಬ್ಬನೇ ಬೆಳೆಸಿದ. ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಹೋದವಳು ಅವನ ಅಕ್ಕ ತೊಆಕಾಸೆ. ಅವಳು ಆಕ್ಲೆಂಡಿಗೆ ಹೊರಟಾಗ ಹೆಯಾಮಾಸಿಗೆ ತಲೆತುಂಬ ಕಪ್ಪು ಕೂದಲಿತ್ತು. ಅಲ್ಲಿ ಆಸ್ಪತ್ರೆಯ ನೆಲ ಒರೆಸಿ ಮಕ್ಕಳನ್ನು ಓದಿಸಿದಳು, ತಮ್ಮನ ಮನೆಗೆ ತಗಡಿನ ಚಾವಣಿ ಹಾಕಿಸಿದಳು. ಆಮೇಲೆ ಸಕ್ಕರೆ ಕಾಯಿಲೆ ಬಂದು ಒಂದು ಕಾಲು ತೆಗೆಯಬೇಕಾಯಿತು. ನಮ್ಮೂರಿಗೆ ಬರುವ ಪುಟ್ಟ ವಿಮಾನದ ಮೆಟ್ಟಿಲು ಹತ್ತುವುದು ಅವಳಿಂದ ಆಗದ ಮಾತಾಯಿತು.

ಅಕ್ಕ ತಮ್ಮನ ವಿಷಯ ನಮ್ಮಲ್ಲಿ ಹಗುರವಲ್ಲ. ಮೀಸೆ ಚಿಗುರಿದ ಮೇಲೆ ಹುಡುಗ ಅಕ್ಕನಿರುವ ಸೂರಿನಡಿ ಮಲಗುವುದಿಲ್ಲ. ಅವಳೆದುರು ತಮಾಷೆ ಮಾಡುವುದಿಲ್ಲ, ಅವಳಿಗಿಂತ ಎತ್ತರದಲ್ಲಿ ಕೂರುವುದಿಲ್ಲ, ಹೇಳುವುದಿದ್ದರೆ ಬೇರೆಯವರ ಬಾಯಿಂದ ಹೇಳಿಸುತ್ತಾನೆ. ಇದು ಮುನಿಸಲ್ಲ, ಮರ್ಯಾದೆ. ಮನೆಗೆ ಅವಳೇ ದೊಡ್ಡವಳು. ತಮ್ಮನ ಮಕ್ಕಳಿಗೆ ಸೋದರತ್ತೆ ಒಂದು ಮಾತು ಹೇಳಿದರೆ ಮುಗಿಯಿತು. ಹಾಗಾಗಿ ತೊಆಕಾಸೆ ಫೋನು ಮಾಡಿದರೆ ಮಾತಾಡುತ್ತಿದ್ದವಳು ಕಲೊಲೈನೆ. ಹೆಯಾಮಾಸಿ ಅಂಗಳದಲ್ಲಿ ಕಿಟಕಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ.

ಒಂದು ವರ್ಷ ತೊಆಕಾಸೆಯ ಮಕ್ಕಳೆಲ್ಲ ಸೇರಿ ಅವಳಿಗೆ ನಮ್ಮೂರಿಗೆ ಬರುವ ಪ್ರವಾಸಿ ಹಡಗಿನ ಟಿಕೆಟು ಕೊಡಿಸಿದರು. ಧಕ್ಕೆಗೆ ನಿಂತರೆ ಗಾಲಿಕುರ್ಚಿಯವರು ಇಳಿಯಬಹುದು, ದೋಣಿಯಾದರೆ ಹಡಗಿನಲ್ಲೇ ಉಳಿಯಬೇಕು ಎಂದು ಹಡಗಿನವರು ಮೊದಲೇ ಹೇಳಿದ್ದರು. ನೆಯಾಫುವಿನಲ್ಲಿ ಧಕ್ಕೆಯೇ ಎಂದೂ ಹೇಳಿದ್ದರು. ಹೆಯಾಮಾಸಿ ಹಂದಿ ಕೊಬ್ಬಿಸಿದ. ಕಲೊಲೈನೆ ಅತ್ತೆ ಕೂರಲೆಂದು ನುಣುಪಾದ ಚಾಪೆ ನೇಯ್ದಳು. ಹಿಂದಿನ ಸಂಜೆ ಏನಾಯಿತೆಂದರೆ, ದ್ವೀಪದಿಂದ ದ್ವೀಪಕ್ಕೆ ಜನ, ಸರಕು ಹೊರುವ ನಮ್ಮ ಮುದಿ ಹಡಗು ಕುಂಟುತ್ತ ಬಂದು ಧಕ್ಕೆಯ ನಟ್ಟನಡುವೆ ಇಂಜಿನ್ನು ಕೆಟ್ಟು ನಿಂತಿತು.

ಬೆಳಿಗ್ಗೆ ಮಾರುಕಟ್ಟೆಯಲ್ಲಿ ನಾವೆಲ್ಲ ಹಿಗ್ಗಿ ಹೀರೇಕಾಯಿಯಾಗಿ ಅಂಗಡಿ ಹರಡುತ್ತಿದ್ದೆವು. ಧಕ್ಕೆಯಲ್ಲಿ ಜಾಗವಿಲ್ಲ, ದೋಣಿಯೇ ಎಂದು ಸುದ್ದಿ ಬಂದಿತ್ತು. ಆಗ ಕಲೊಲೈನೆ ಓಡಿ ಬಂದಳು.

"ಚಿಕ್ಕಮ್ಮಾ, ದೋಣಿಯಂತೆ. ಅತ್ತೆ ಇಳಿಯಂಗಿಲ್ಲ."

ನನ್ನ ಕೈಯಲ್ಲಿದ್ದ ಸರ ಕೈಯಲ್ಲೇ ಉಳಿಯಿತು. ಅವಳ ಹಿಂದೆ ಧಕ್ಕೆಗೆ ಹೋದೆ. ಹೆಯಾಮಾಸಿ ಬೂಟು ಹಾಕಿ, ಚರ್ಚಿಗೆ ಹೋಗುವಾಗ ಮರ್ಯಾದೆಗೆಂದು ಬಟ್ಟೆಯ ಮೇಲೆ ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಬಂದರಿನ ಅಧಿಕಾರಿ ಸಿಯೊಯೆಲಿಯ ಎದುರು ನಿಂತಿದ್ದ.

"ಇದನ್ನ ಆ ಮೂಲೆಗೆ ಸರಿಸಿದ್ರೆ ದೊಡ್ಡದಕ್ಕೆ ಜಾಗ ಆಗತ್ತಲ್ಲಪ್ಪ?"

"ಯಾತರಲ್ಲಿ ಸರಿಸ್ತೀಯ ಮಾರಾಯ? ಇಂಜಿನ್ ಸತ್ತಿದೆ. ಎಳೆಯೋ ದೋಣಿ ನಮ್ಮಲ್ಲಿಲ್ಲ."

"ಹಗ್ಗ ಇದೆ."

"ಎಳೆಯೋರು? ನಿನ್ನ ಆರು ಜನಾನಾ?"

ಹೆಯಾಮಾಸಿ ತಿರುಗಿ ನಮ್ಮನ್ನು ನೋಡಿದ. ಬಾಯಿ ತೆರೆದ, ಮುಚ್ಚಿದ. ಹಡಗಿನ ಜನ ದೋಣಿಯಲ್ಲಿ ಬಂದರೆ ನಮ್ಮ ಹೊಟ್ಟೆ ತುಂಬುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನನಗೆ ರೇಗಿತು.

"ಬಾಯಿಬಿಟ್ಟು ಕೇಳೋಕೆ ಏನು ದಾಡಿ ನಿಂಗೆ?" ಎಂದೆ. ಮಾರುಕಟ್ಟೆಯ ಕಡೆ ತಿರುಗಿ ಕೂಗಿದೆ. "ಬನ್ರೇ! ತೊಆಕಾಸೆ ಬಂದವಳೆ! ವ್ಯಾಪಾರ ಆಮೇಲೆ!"

ಗೊಣಗಿಕೊಂಡೇ ಬಂದರು, ಆದರೆ ಎಲ್ಲರೂ ಬಂದರು. ಮೀನಿನವರು, ವ್ಯಾನಿನವರು, ಬ್ಯಾಂಕಿನ ಹುಡುಗಿಯರು, ಮುದಿ ಹಡಗಿನ ಪ್ರಯಾಣಿಕರು, ಪಾದ್ರಿ ಕೂಡ. ಉಬ್ಬರ ತುಂಬಿ ನಿಂತಿತ್ತು. ಹಡಗಿನ ಮೂತಿಗೆ ಕಟ್ಟಿದ ಹಗ್ಗವನ್ನು ಧಕ್ಕೆಯುದ್ದಕ್ಕೂ ಹಿಡಿದು ಎಳೆದೆವು. ಏನೂ ಆಗಲಿಲ್ಲ. ಮತ್ತೆ ಎಳೆದೆವು. ಅಂಗೈ ಉರಿಯಿತು, ಅಷ್ಟೇ.

ಹೆಯಾಮಾಸಿ ಕೆಳದನಿಯಲ್ಲಿ ಚರ್ಚಿನ ಹಾಡೊಂದನ್ನು ಎತ್ತಿಕೊಂಡ. ಗಂಡಸರು ಸೇರಿದರು, ಅವರ ಮೇಲೆ ಹೆಂಗಸರ ದನಿ ಏರಿತು. ಸಾಲು ಮುಗಿದಲ್ಲೆಲ್ಲ ಒಟ್ಟಿಗೆ ಹಿಂದಕ್ಕೆ ವಾಲಿದೆವು. ಆಗ ನೋಡಿದೆ. ಹಡಗಿನ ಮೇಲೆ ತೂಗುಹಾಕಿದ್ದ ಬಾಳೆಗೊನೆಯೊಂದು ದೀಪದ ಕಂಬದ ಮರೆಯಿಂದ ನಿಧಾನವಾಗಿ ಈಚೆಗೆ ಬರುತ್ತಿತ್ತು. ಗೊನೆ ನಡೆಯುತ್ತದೆಯೆ? ಹಡಗು ನಡೆಯುತ್ತಿತ್ತು! ಅಷ್ಟು ದೊಡ್ಡ ಕಬ್ಬಿಣ ಸಾಧು ಹಸುವಿನ ಹಾಗೆ ನಮ್ಮ ಹಿಂದೆ ಬರುತ್ತಿತ್ತು. ಹಾಡುತ್ತಿದ್ದ ಬಾಯಿ ಹಾಡುತ್ತಲೇ ಇತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಇಷ್ಟು ವರ್ಷ ಒಬ್ಬರ ಗಿರಾಕಿಯನ್ನು ಒಬ್ಬರು ಕಿತ್ತುಕೊಂಡ ಕೈಗಳು ಇವೇ.

ಹಡಗು ಮೂಲೆ ಸೇರುವ ಹೊತ್ತಿಗೆ ಗುಡ್ಡದ ಮಗ್ಗುಲಿನಿಂದ ದೊಡ್ಡ ಹಡಗು ಮುಖ ತೋರಿಸಿತು. ಬಿಳಿ ಬಿಳಿ ಮಹಡಿಗಳು, ನಮ್ಮ ಚರ್ಚಿನ ಗೋಪುರಕ್ಕಿಂತ ಎತ್ತರ. ಸಿಯೊಯೆಲಿ ರೇಡಿಯೋದಲ್ಲಿ ಒಂದೇ ಸಮನೆ ಮಾತಾಡುತ್ತಿದ್ದ. ಹಡಗು ಕೊಲ್ಲಿಯ ನಡುವೆ ನಿಂತುಬಿಟ್ಟಿತು. ಅದರ ಪಕ್ಕೆಯಿಂದ ಕಿತ್ತಳೆ ಬಣ್ಣದ ದೋಣಿಯೊಂದು ಕೆಳಗಿಳಿಯತೊಡಗಿತು.

"ಹೋಯ್ತು" ಎಂದರು ಯಾರೋ. ದೋಣಿ ಇಳಿಯಿತೆಂದರೆ ಲಂಗರೇ.

ದೋಣಿ ಅರ್ಧಕ್ಕೆ ಬಂದು ನಿಂತಿತು. ತೂಗಾಡಿತು. ಆಮೇಲೆ ಅದು ಮೆಲ್ಲಗೆ, ಬಂದ ದಾರಿಯಲ್ಲೇ ಮೇಲಕ್ಕೆ ಹೋಯಿತು. ಹಡಗಿನ ಮೂತಿ ನಮ್ಮ ಕಡೆ ತಿರುಗಿತು.

ಆಗ ಎದ್ದ ಕೂಗಿಗೆ ಬೆಟ್ಟದಲ್ಲಿನ ಬಾವಲಿಗಳೆಲ್ಲ ಹಾರಿದವು.

ಹಗ್ಗಗಳೆಲ್ಲ ಗೂಟಕ್ಕೆ ಬಿದ್ದ ಮೇಲೆ ಹೆಯಾಮಾಸಿ ಧಕ್ಕೆಯ ತುತ್ತತುದಿಗೆ ಹೋಗಿ, ನೆಲದ ಮೇಲೆ, ಹಡಗಿಗೆ ಬೆನ್ನು ಹಾಕಿ ಕೂತ. ತೊಆಕಾಸೆ ಗಾಲಿಕುರ್ಚಿಯಲ್ಲಿ ಇಳಿದಳು. ಬೆಳ್ಳಿ ಕೂದಲು, ನೆಟ್ಟನೆ ಕತ್ತು. ಮನೆಯವರು ನೆಲಕ್ಕೆ ಕೂತರು, ಅವರನ್ನು ನೋಡಿ ನಾವೂ ಕೂತೆವು. ಅವಳು ಮೂಲೆಯಲ್ಲಿ ತುರುಕಿದ್ದ ಮುದಿ ಹಡಗನ್ನು ನೋಡಿದಳು. ನಮ್ಮ ಕೆಂಪು ಅಂಗೈ ನೋಡಿದಳು. ದೂರದ ಬೆನ್ನನ್ನು ನೋಡಿದಳು.

"ಕಲೊಲೈನೆ, ನಿಮ್ಮಪ್ಪಂಗೆ ಹೇಳು. ಬಿಸಿಲಲ್ಲಿ ಕೂರಬೇಡ ಅಂತ" ಎಂದಳು.

ಇಡೀ ಧಕ್ಕೆಗೆ ಕೇಳಿಸಿತು. ಕಲೊಲೈನೆ ಹೋಗಿ ಹೇಳುವ ಮೊದಲೇ ಆ ದೊಡ್ಡ ಮನುಷ್ಯ ಎದ್ದು, ಸಣ್ಣ ಹುಡುಗನ ಹಾಗೆ ನೆರಳಿಗೆ ಸರಿದು ಕೂತ.

ಮನೆಯಲ್ಲಿ ಅವಳು ಆ ಚಾಪೆಯ ಮೇಲೆ ಕೂತು, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆ ತಿಂದಳು, ಕಲೊಲೈನೆಗೆಂದು ಗೊತ್ತುಮಾಡಿದ್ದ ಹುಡುಗನನ್ನು ನೋಡಿ ಆಗಬಹುದು ಎಂದಳು, ದಪ್ಪಗಾದ ನನ್ನ ಸೊಂಟ ನೋಡಿ ನಕ್ಕಳು. ಹೆಯಾಮಾಸಿ ಹೊರಗೆ ದೀವಿಹಲಸಿನ ಮರದಡಿ ಕೂತಿದ್ದ. ಒಳಗೆ ಅವಳು ನಕ್ಕಾಗಲೆಲ್ಲ ತಲೆ ತಗ್ಗಿಸಿ ತಾನೂ ನಗುತ್ತಿದ್ದ.

ಮಧ್ಯಾಹ್ನ ಇಳಿಯುವಾಗ ಹಡಗು ಕೂಗು ಹಾಕಿತು. ತೊಆಕಾಸೆಯನ್ನು ಧಕ್ಕೆಗೆ ಕರೆತಂದು ಹಡಗು ಹತ್ತಿಸಿದೆವು.

"ನೀನಿರು, ಹುಡುಗರು ಹಗ್ಗ ಬಿಚ್ತಾರೆ" ಎಂದ ಸಿಯೊಯೆಲಿ.

"ಬೇಡಪ್ಪ. ನಾನೇ ಕಳಿಸ್ತೀನಿ."

ಎಲ್ಲ ಹಗ್ಗ ಬಿಚ್ಚಿಯಾಯಿತು, ಒಂದು ಉಳಿಯಿತು. ಮೇಲೆ ಕಂಬಿಯ ಹತ್ತಿರ ತೊಆಕಾಸೆಯ ಕುರ್ಚಿ. ಹೆಯಾಮಾಸಿ ಗೂಟದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದ. ಹಡಗಿನವರು ಕೈಬೀಸಿ ಅವಸರ ಮಾಡಿದರು. ಅವನು ಕುಣಿಕೆ ಎತ್ತಿ ನೀರಿಗೆ ಬಿಟ್ಟ.

ಹಡಗಿಗೂ ಧಕ್ಕೆಗೂ ನಡುವೆ ನೀರು ಅಗಲವಾಗುತ್ತ ಹೋಯಿತು. ಆಗ ಅವನು ತಲೆಯೆತ್ತಿದ, ಇಡೀ ಊರು ನೋಡುತ್ತಿದ್ದ ಹಾಗೆಯೇ.

"ಅಕ್ಕಾ!"

ಒಂದೇ ಸಲ ಕೂಗಿದ. ಅಷ್ಟೆತ್ತರದಿಂದ, ನೀರಿನ ಮೇಲೆ ಹಾಯ್ದು, ತಡವಿಲ್ಲದೆ ಉತ್ತರ ಬಂತು.

"ಓ!"