ಕನ್ನಡಕ ತೆಗೆದಿಟ್ಟು ಓದಲು ಕಲಿಸಿದ ಅಕ್ಕೋರು

ಬೇರೆ ಮಾಸ್ತರರು ಪಾಠ ಶುರು ಮಾಡುವಾಗ ಕನ್ನಡಕ ಹಾಕಿಕೊಳ್ಳುತ್ತಿದ್ದರು. ನಮ್ಮ ಸುಶೀಲಾ ಅಕ್ಕೋರು ತೆಗೆದಿಡುತ್ತಿದ್ದರು. ದಪ್ಪ ಗಾಜಿನ ಕನ್ನಡಕವನ್ನು ಮಡಚಿ ಮೇಜಿನ ಮೇಲಿಟ್ಟು, ಪುಸ್ತಕವನ್ನು ತೋಳಿನಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಅಕ್ಷರ ಕಾಣಬಾರದು, ಪಾಠ ಕಾಣಬೇಕು. ನೀವೂ ಅರ್ಧಾ ಕಣ್ಣ ಮುಚ್ಚರಿ. ಏನ್ ಕಾಣತೈತಿ?"

"ಏನೂ ಕಾಣವಲ್ದರಿ ಅಕ್ಕೋರ!" ಎಂದು ನಾವು ಒಟ್ಟಿಗೆ ಕೂಗುತ್ತಿದ್ದೆವು.

"ನೆಟ್ಟಗ ನೋಡ್ರಿ. ದಪ್ಪ ಅಕ್ಷರದ ಹೆಸರು ಎಲ್ಲೆಲ್ಲಿ ಅದಾವು? ಚಿತ್ರ ಯಾವದರ ಬಾಜು ಐತಿ? ಸಾಲು ಎಲ್ಲಿ ಒಡದು ಹೊಸದಾಗಿ ಹೊಂಟೈತಿ?"

ಇದು ಎಪ್ಪತ್ತರ ದಶಕದ ಮಾತು. ನವಲಗುಂದದ ಕಡೆ ಕರಿ ಮಣ್ಣಿನ ಬಯಲಿನಲ್ಲಿ ನಮ್ಮ ಊರು. ಶಾಲೆಗೆ ಎರಡೇ ಕೋಣೆ. ಅಕ್ಕೋರು ಬೆಳಗಾವಿಯಿಂದ ಒಬ್ಬರೇ ಬಂದು, ನಮ್ಮ ಓಣಿಯಲ್ಲೇ ಒಂದು ಪಡಸಾಲೆ ಬಾಡಿಗೆ ಹಿಡಿದಿದ್ದರು. ಅವರ ರೊಟ್ಟಿ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿರುತ್ತಿತ್ತು. ಓಣಿಯ ಹೆಂಗಸರು ನಕ್ಕರೆ, ಅವರಿಗಿಂತ ಜೋರಾಗಿ ತಾವೇ ನಗುತ್ತಿದ್ದರು.

ಕಥೆ, ಪದ್ಯಗಳನ್ನು ಯಾರಾದರೂ ಓದಿಸುತ್ತಾರೆ. ಅಕ್ಕೋರಿಗೆ ಪ್ರೀತಿಯಿದ್ದದ್ದು ನಾವು 'ಒಣಪಾಠ' ಎಂದು ಬೈದುಕೊಳ್ಳುತ್ತಿದ್ದ ಹತ್ತಿ, ಜೇನುನೊಣ, ಕುಡಿಯುವ ನೀರು, ಮಲೇರಿಯಾದಂಥ ಪಾಠಗಳ ಮೇಲೆ. ಬರೆದವರು ವಿಷಯವನ್ನು ಹೇಗೆ ಜೋಡಿಸಿದ್ದಾರೆ ಎಂದು ಮೊದಲು ಗುರುತಿಸಬೇಕು, ಓದುವುದು ಆಮೇಲೆ. ಅದಕ್ಕೆ ಅವರೇ ಹೆಸರು ಕಟ್ಟಿದ್ದರು. ಹತ್ತಿ ಅರಿವೆಯಾಗುವ ಹಾಗೆ ಒಂದಾದ ಮೇಲೊಂದು ನಡೆಯುತ್ತ ಹೋದರೆ ಅದು ದಾರಿ ಪಾಠ. ಬಾವಿ ನೀರನ್ನೂ ಕೆರೆ ನೀರನ್ನೂ ಎದುರುಬದುರು ಇಟ್ಟರೆ ಜೋಡಿ ಪಾಠ. ಒಂದೇ ವಸ್ತುವನ್ನು ಕೋಣೆ ಕೋಣೆ ತೋರಿಸಿದ ಹಾಗೆ ಹೇಳಿದರೆ ಮನಿ ಪಾಠ. 'ಏಕೆಂದರೆ', 'ಆದ್ದರಿಂದ' ಬಂದವೋ, ಅದು ಯಾಕ ಪಾಠ.

ಜೇನುನೊಣದ ಪಾಠ ಬಂದಾಗ ತರಗತಿಯಲ್ಲಿ ಜಗಳವೇ ಆಯಿತು. ಹುಡುಗರೆಲ್ಲ ಮನಿ ಪಾಠ ಎಂದರು. ನಾನು ಎದ್ದು, "ನಡುವ ಜೇನು ಮಾಡೂದು ಹೆಂಗ ಅಂತ ದಾರಿನೂ ಐತಲ್ರಿ" ಎಂದೆ. ತಪ್ಪು ಹೇಳಿದೆನೇನೋ ಎಂದು ಕೂರಲು ಹೋದವಳನ್ನು ಅಕ್ಕೋರು ಕೈ ಹಿಡಿದು ನಿಲ್ಲಿಸಿದರು.

"ಖರೇ ಐತಿ ನೀಲಾ. ಮನಿಯೊಳಗ ಅಡ್ಡಾಡಲಿಕ್ಕೆ ದಾರಿ ಬ್ಯಾಡೇನು?"

ಆ ಒಂದು ಮಾತಿಗೆ ನಾನು ಇಡೀ ವಾರ ನೆಲದ ಮೇಲೆ ಕಾಲಿಡಲಿಲ್ಲ.

ಅಂಗಡಿಯಿಂದ ಬೆಲ್ಲ, ಸಕ್ಕರೆ ಕಟ್ಟಿಸಿಕೊಂಡು ಬಂದ ಪೇಪರನ್ನು ಅವರು ಎಸೆಯುತ್ತಿರಲಿಲ್ಲ. ಸುಕ್ಕು ಬಿಡಿಸಿ ಶಾಲೆಗೆ ತರುತ್ತಿದ್ದರು. ಒಮ್ಮೆ ತಂದ ಚೂರಿನಲ್ಲಿ 'ನೊಣಗಳು ಹೆಚ್ಚಾಗಲು ಎರಡು ಕಾರಣಗಳಿವೆ' ಎಂದಿತ್ತು. ಮೊದಲನೆಯ ಕಾರಣ ಮುಗಿಯುವಲ್ಲಿ ಪೇಪರು ಹರಿದಿತ್ತು.

"ಎರಡು ಅಂತ ಹೇಳಿ ಒಂದ ಕೊಟ್ಟಾನ. ಇನ್ನೊಂದು ಏನಿದ್ದೀತು?" ಎಂದು ಕೇಳಿದರು.

ಹಿಂದೆ ಕೂತಿದ್ದ ಫಕೀರಪ್ಪ ತಟ್ಟನೆ, "ಹೆಡ್ ಮಾಸ್ತರ ಮನಿ ಮುಂದಿನ ತಿಪ್ಪಿರಿ!" ಎಂದ. ಬಾಜು ಕೋಣೆಯಲ್ಲಿದ್ದ ಹೆಡ್ ಮಾಸ್ತರಿಗೂ ಅದು ಕೇಳಿಸಿತು. ಅಕ್ಕೋರು ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜ ಕುಲುಕುವುದು ನಮಗೆಲ್ಲ ಕಾಣುತ್ತಿತ್ತು.

ನಮ್ಮ ಅಪ್ಪನಿಗೆ ಮಾತ್ರ ಇದೊಂದೂ ಸೇರುತ್ತಿರಲಿಲ್ಲ. ಶಾಲೆಯೆಂದರೆ ಓಣಿಯ ತನಕ ಬಾಯಿಪಾಠ ಕೇಳಿಸಬೇಕು. ಒಂದು ದಿನ ಅಕ್ಕೋರ ಮನೆಯ ಮುಂದೆ ನಿಂತು ಕೇಳಿಯೇ ಬಿಟ್ಟ: "ಅಕ್ಕೋರ, ಹುಡುಗಿ ಪುಸ್ತಕ ದೂರ ಹಿಡದು ಮೆಳ್ಳಗಣ್ಣು ಮಾಡತಾಳ. ಇದೆಂಥಾ ಓದರಿ? ಹಿಂಗಾದ್ರ ಮುಂದಿನ ವರ್ಷ ಸಾಲಿ ಬಿಡಿಸಿ ಹೊಲಕ್ಕ ಕರಕೊಂಡು ಹೋಗತೀನಿ."

ಅಕ್ಕೋರು ಸಿಟ್ಟಾಗಲಿಲ್ಲ. "ಈ ವರ್ಷ ಮುಗೀಲಿ ಯಜಮಾನ್ರ. ಆಮ್ಯಾಲೆ ನಾನ ಬಂದು ನಿಮ್ಮ ಜೋಡಿ ಮಾತಾಡತೀನಿ" ಎಂದಷ್ಟೇ ಹೇಳಿದರು. ಅಪ್ಪ ತಲೆ ಕೊಡವಿಕೊಂಡು ಬಂದ. ನಾನು ಬಾಗಿಲ ಹಿಂದೆ ಕೂತು ಅತ್ತೆ.

ಆ ಮುಂಗಾರಿನಲ್ಲಿ ಅಪ್ಪ ಮೊದಲ ಸಲ ಹೈಬ್ರಿಡ್ ಜೋಳದ ಬೀಜ ತಂದ. ಚೀಲದ ಜೊತೆ ಒಂದು ಅಚ್ಚು ಹಾಕಿದ ಚೀಟಿ ಬಂದಿತ್ತು. ಮೊದಲು ಹೀಗೆ ಹೊಲ ಹರಗಿರಿ, ಆಮೇಲೆ ಹೀಗೆ ಬಿತ್ತಿರಿ ಎಂದು ಅದರಲ್ಲಿದ್ದದ್ದನ್ನು ಅಪ್ಪ ಗಟ್ಟಿಯಾಗಿ ಓದಿ, ಬಿತ್ತನೆಯ ಮಾತು ಮುಗಿದಲ್ಲಿಗೆ ಚೀಟಿಯನ್ನು ಗೋಡೆಯ ಗೂಡಿಗೆ ತುರುಕಿದ್ದ. ಬಿತ್ತಿ ಉಳಿದ ಬೀಜವನ್ನು ಅವ್ವ ಕೆಡಿಸಲು ಒಲ್ಲದೆ ತೊಳೆದು ಬಿಸಿಲಿಗೆ ಹರವಿದಳು. ಸಂಜೆ ಬೀಸುವವಳಿದ್ದಳು.

ಶಾಲೆಯಿಂದ ಬಂದ ನಾನು ಚೀಟಿ ತೆಗೆದು ದೂರ ಹಿಡಿದೆ. ಓದುವ ಅವಸರವೇನೂ ಇರಲಿಲ್ಲ, ಅಕ್ಕೋರ ಆಟ ಅಷ್ಟೇ. ಮೇಲೆಲ್ಲ ದಾರಿ ಪಾಠ. ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ಬೇರೆಯೇ ಎರಡು ಸಾಲು. 'ಗೆರಿ ಎಳದು ಬ್ಯಾರೆ ಬರದಾರಂದ್ರ, ಅದನ್ನ ಬಿಡಬ್ಯಾಡ್ರಿ' ಎಂದು ಅಕ್ಕೋರು ಹೇಳಿದ್ದರು. ಓದಿದೆ: 'ಈ ಬೀಜಕ್ಕೆ ವಿಷದ ಔಷಧ ಲೇಪಿಸಲಾಗಿದೆ. ಆದ್ದರಿಂದ ಮನುಷ್ಯರಾಗಲಿ ದನಕರುಗಳಾಗಲಿ ತಿನ್ನಬಾರದು.'

"ಅವ್ವಾ, ಬೀಸಬ್ಯಾಡ!"

"ತೊಳದೀನಲ್ಲ ಬೇ, ಏನಾಗತೈತಿ?" ಎಂದಳು ಅವ್ವ, ಮೊರದಲ್ಲಿ ಕಾಳು ಬಳಿದುಕೊಳ್ಳುತ್ತ.

ಅಪ್ಪ ನನ್ನ ಕೈಯಿಂದ ಚೀಟಿ ಕಿತ್ತುಕೊಂಡ. ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಅವ್ವನ ಕೈಯ ಮೊರ ಕಸಿದುಕೊಂಡು, ಹರವಿದ್ದ ಕಾಳನ್ನೆಲ್ಲ ಬಳಿದು ಹಿತ್ತಲಲ್ಲಿ ಆಳವಾಗಿ ಕುಣಿ ತೋಡಿ ಹೂತ. ಅವ್ವ ಕೈಯನ್ನು ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆದಳು. ತೊಟ್ಟಿಲಲ್ಲಿದ್ದ ತಮ್ಮ ಯಾಕೋ ನಗುತ್ತಿದ್ದ.

ಮರುದಿನ ಅಪ್ಪ ನನ್ನನ್ನೂ ಕರೆದುಕೊಂಡು ಅಕ್ಕೋರ ಮನೆಗೆ ಹೋಗಿ ಬೆಣ್ಣೆಯ ಬಟ್ಟಲನ್ನು ಕಟ್ಟೆಯ ಮೇಲಿಟ್ಟ.

"ಇದ್ಯಾಕರಿ ಯಜಮಾನ್ರ?"

"ಸುಮ್ನ ರೀ. ಮಜ್ಜಿಗಿ ಕಡದಿದ್ರು" ಎಂದವನೇ ತಿರುಗಿ ನಡೆದ. ಸಾಲಿ ಬಿಡಿಸುವ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

ಅಪ್ಪ ಅತ್ತ ಹೋದ ಮೇಲೆ ನಡೆದದ್ದನ್ನು ನಾನು ಅಕ್ಕೋರಿಗೆ ಹೇಳಿದೆ. ಶಾಬಾಸ್ ಎನ್ನುತ್ತಾರೆ ಎಂದುಕೊಂಡಿದ್ದೆ. ಅಕ್ಕೋರು ಹೊಸ್ತಿಲ ಮೇಲೆ ಕೂತು ನನ್ನನ್ನು ಹತ್ತಿರ ಎಳೆದುಕೊಂಡರು. "ನಿಮ್ಮವ್ವ ರೊಟ್ಟಿ ಬಡದಿದ್ರ..." ಎಂದು ಅಲ್ಲಿಗೇ ನಿಲ್ಲಿಸಿದರು.

ಮುಂದಿನ ಬೇಸಿಗೆಯಲ್ಲಿ ಅವರಿಗೆ ವರ್ಗವಾಯಿತು. ಬೆಳಗಾವಿಯಲ್ಲಿ ಅವರ ತಾಯಿ ಹಾಸಿಗೆ ಹಿಡಿದಿದ್ದರು, ತಾವಾಗಿಯೇ ಕೇಳಿ ಪಡೆದ ವರ್ಗ. ನಾನು ದೊಡ್ಡವಳಾಗಿ, ಬೆಳಗಾವಿಗೆ ಹೋದಾಗಲೆಲ್ಲ ವಿಚಾರಿಸಿದೆ. ತಾಯಿ ತೀರಿಕೊಂಡ ಮೇಲೆ ಅಕ್ಕೋರು ತಮ್ಮನ ಹತ್ತಿರ ಪುಣೆಗೆ ಹೋದರೆಂದು ಒಬ್ಬರು, ಅಲ್ಲ ಸೊಲ್ಲಾಪುರಕ್ಕೆಂದು ಇನ್ನೊಬ್ಬರು. ಈಗ ನನಗೆ ಆಗಿನ ಅವರ ವಯಸ್ಸು ಎಂದೋ ದಾಟಿದೆ. ಇಂದಿಗೂ ಯಾವ ಪೇಪರು ಕೈಗೆ ಬಂದರೂ ಅವರ ದನಿ ಕೇಳಿದ ಮೇಲೆಯೇ ಓದು ಶುರುವಾಗುತ್ತದೆ. ಆದರೆ ಅವರು ಮತ್ತೆ ಸಿಗಲಿಲ್ಲ.

ಅವರು ವರ್ಗವಾಗಿ ಹೊರಟ ದಿನ ಊರ ಮುಂದಿನ ಬೇವಿನ ಗಿಡದ ಕೆಳಗೆ, ಟ್ರಂಕಿನ ಮೇಲೆ ಅವರೂ ನಾನೂ ಕೂತಿದ್ದೆವು. ಯಮನೂರ ಕಡೆಯಿಂದ ಬರುವ ಬಸ್ಸು ತಡವಾಗಿತ್ತು. ಇನ್ನಷ್ಟು ತಡವಾಗಲಿ ಎಂದು ನಾನು ಬೇಡುತ್ತಿದ್ದೆ.

"ಮತ್ತ ಯಾವಾಗ ಬರ್ತೀರಿ ಅಕ್ಕೋರ?"

"ಬರ್ತೀನಿ ಅಂದ್ರ ನೀ ದಿನಾ ಬಂದು ಇಲ್ಲಿ ನಿಲ್ಲತಿ. ಬರೂದಿಲ್ಲ ಅಂದ್ರ ಅಳ್ತಿ. ಏನ್ ಹೇಳ್ಲಿ ನೀಲಾ?"

"ಬರ್ತೀನಿ ಅನ್ರಿ."

"ಬರ್ತೀನಿ" ಎಂದರು ಅಕ್ಕೋರು.

ಆ ಮಳೆಗಾಲವೆಲ್ಲ ಸಂಜೆಯ ಬಸ್ಸಿಗೆ ನಾನು ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಅವ್ವ ಹುಡುಕಿಕೊಂಡು ಬಂದಳು. ಬಸ್ಸು ಬಂತು. ಇಳಿಯುವವರು ಇಳಿದರು.

"ಯಾರ ಹಾದಿ ನೋಡ್ತಿ ಬೇ?"

"ಯಾರದೂ ಇಲ್ಲ."

ಅವ್ವ ನನ್ನ ತಲೆ ಸವರಿ ಮನೆಗೆ ಕರೆದುಕೊಂಡು ಹೋದಳು. ಮರುದಿನ ಸಂಜೆ ನಾನು ಓಡಿಹೋಗುವಷ್ಟರಲ್ಲಿ, ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಅವಳು ಆಗಲೇ ಅಲ್ಲಿ ಬಸ್ಸಿನ ಹಾದಿ ನೋಡುತ್ತ ನಿಂತಿದ್ದಳು.